ಮೂಸಿ ಹೇಳು

ಗೇಟು ಬಿದ್ದಾಗಲೆಲ್ಲ ಅಶೋಕ ರಸ್ತೆ
ಹಾರನ್ ಹೊಡೆಯುತ್ತ ನಿಂತುಬಿಡುತ್ತದಲ್ಲ,
ಅಲ್ಲೇ ಎಡಕ್ಕೆ, ಹಗ್ಗದ ಅಂಗಡಿಗೂ ಬೀಗದ ಅಂಗಡಿಗೂ ನಡುವೆ
ಒಬ್ಬರು ಓರೆಯಾಗಿ ನುಗ್ಗುವಷ್ಟು ಸಂದು.
ಚಮನ್‌ಸಾಬರ ಹಳೇ ಪುಸ್ತಕದಂಗಡಿ.
ಬೋರ್ಡಿರಲಿಲ್ಲ. ಬೇಕಾಗಿಯೂ ಇರಲಿಲ್ಲ,
ಕಣ್ಣು ಮುಚ್ಚಿ ಹೊರಟರೂ ಮೂಗೇ ಕೈಹಿಡಿದು ಕರೆತರುತ್ತಿತ್ತು.

ಹೇಗಿತ್ತು ಆ ವಾಸನೆ?
ಹೇಳಹೊರಟರೆ ಮಾತು ತಡವರಿಸುತ್ತದೆ.
ಮೈದಾ ಗಂಜಿಗೆ ಮೈಲುತುತ್ತ ಕದಡಿದ ಕಹಿ,
ಯಾರದೋ ಅಜ್ಜಿಯ ನಶ್ಯ, ಯಾರದೋ ಪರೀಕ್ಷೆಯ ಬೆವರು,
ಪುಟ ನೂರಾ ಎಂಟರಲ್ಲಿ ಒಣಗಿದ ಕೇದಗೆಯ ಗರಿ.
ಹೂವಿನ ವಾಸನೆ ಹೋಗಿ
ಹೋದದ್ದರ ವಾಸನೆ ಉಳಿದಿತ್ತು.

ಹೊಸ ಪುಸ್ತಕ ಕಾಣುತ್ತಿದ್ದದ್ದು ವರ್ಷಕ್ಕೊಮ್ಮೆ, ಜೂನಿನಲ್ಲಿ.
ಹೆಡ್‌ಮೇಷ್ಟ್ರು ಕಟ್ಟಿನ ಹುರಿ ಬಿಚ್ಚಿದ ಕೂಡಲೇ
ನಲವತ್ತೆರಡು ಮೂಗುಗಳು ಗಣಿತದೊಳಗೆ ಮುಳುಗುತ್ತಿದ್ದವು.
ವರ್ಷವಿಡೀ ಗಣಿತದಲ್ಲಿ ನಾವು ಕಂಡ ಸುಖ ಅದೊಂದೇ.

ಹಳೆಯದು ಹಾಗಲ್ಲ. ಹಳೆಯದಕ್ಕೆ ಮನೆತನವಿತ್ತು.
ಚಮನ್‌ಸಾಬರು ತಕ್ಕಡಿಗಿಡುವ ಮೊದಲು ಮೂಸುತ್ತಿದ್ದರು:
"ಇದು ವಕೀಲರ ಮನೇದು, ಸಿಗರೇಟು.
ಇದು ಅಡುಗೆಮನ್ಯಾಗ ಓದಿದ್ದು, ಒಗ್ಗರಣೆ ಐತಿ,
ಪೂರ್ತಿ ಓದ್ಯಾಳ, ಕೊನೇ ಪುಟದ ತನಕ ಐತಿ.
ಇದನ್ನ ಯಾರೂ ತೆಗದೇ ಇಲ್ಲ. ಪಾಪ."

ನಾನು ಮಂಡಕ್ಕಿ ಭಟ್ಟಿಯ ಹುಡುಗಿ.
ಅಪ್ಪ ಮರಳು ಕಾಸಿ ಅಕ್ಕಿ ಅರಳಿಸುವವನು.
ಭತ್ತದ ಹೊಟ್ಟಿನ ಹೊಗೆ ನನ್ನ ಜಡೆಯಲ್ಲಿ,
ಲಂಗದ ನೆರಿಗೆಯಲ್ಲಿ, ಉಗುರಿನ ಸಂದಿಯಲ್ಲಿ;
ಕೆಂಪು ಸೋಪು ಸೋತು ಕೈಬಿಟ್ಟ ಹೊಗೆ.
ಪಕ್ಕದಲ್ಲಿ ಕೂತವಳು ಬೆಂಚಿನ ತುದಿಗೆ ಸರಿಯುತ್ತಿದ್ದಳು.

ಕೊಳ್ಳಲು ಕಾಸಿಲ್ಲ. ನಿಂತೇ ಓದುತ್ತಿದ್ದೆ,
ದಿನಕ್ಕೆ ಹತ್ತು ಪುಟ,
ಅವರು ನಮಾಜಿಗೆ ಹೋದರೆ ಇಪ್ಪತ್ತು.
ಗುರುತಿಗೆಂದು ಮೂಲೆ ಮಡಿಸಿದವಳಲ್ಲ,
ಕಳ್ಳಿಗೂ ಅಷ್ಟು ನಿಯತ್ತಿತ್ತು.
ಒಂದು ಸಂಜೆ ಅವರು ಮೂರನೇ ಸಾಲಿನಿಂದ
ಒಂದೊಂದೇ ಎಳೆದು, ಮೂಗಿಗೆ ಹಿಡಿದು,
ನನ್ನ ಮುಂದೆ ಪೇರಿಸಿದರು.
ಹನ್ನೊಂದು. ಒಂದೂ ತಪ್ಪಲಿಲ್ಲ.
ಕಿವಿ ಬಿಸಿಯಾಗಿ ನಿಂತಿದ್ದೆ.
"ಹಾಲಮ್ಮ, ಓದಾಕ ದುಡ್ಡು ಕೇಳೀನೇನು?
ಸ್ಟೂಲ್ ಐತಿ, ಕುಂತ್ಕಂಡು ಓದು."

ಈಗ ಚಮನ್‌ಸಾಬರಿಲ್ಲ. ಮಗಳು ತಾಜುನ್ನಿಸಾ ಕೂರುತ್ತಾಳೆ,
ಸಿಇಟಿ ಗೈಡು, ಜೆರಾಕ್ಸು, ಫೋನಿನ ಗ್ಲಾಸು.
ಹಳೇ ಪುಸ್ತಕ ಹಿಂದಿನ ಒಂದು ಕಪಾಟಿನಷ್ಟು.
ನನಗೂ ಮೂಗಿಲ್ಲ.
ಮೂರು ವರ್ಷದ ಹಿಂದೆ ಜ್ವರವೊಂದು ಬಿಟ್ಟುಹೋಗುವಾಗ
ವಾಸನೆಗಳನ್ನೆಲ್ಲ ಗಂಟು ಕಟ್ಟಿಕೊಂಡು ಹೋಯಿತು.
ಬೆಣ್ಣೆದೋಸೆ ನನಗೀಗ ಬರೀ ಬಿಸಿ.
ಅದಕ್ಕೆ ಅತ್ತವಳಲ್ಲ.
ಮೊನ್ನೆ ಆ ಕಪಾಟಿನಿಂದ ಒಂದನ್ನು ತೆರೆದು
ಮುಖವಿಟ್ಟೆ, ಗುರುತಿನ ಮನೆಯ ಬಾಗಿಲು ತಟ್ಟಿದ ಹಾಗೆ.
ಒಳಗಿನಿಂದ ಯಾರೂ ಓ ಅನ್ನಲಿಲ್ಲ.

"ತಾಜು, ಇದನ್ನೊಮ್ಮೆ ಮೂಸಿ ಹೇಳೇ."
ನಕ್ಕಳು. ನನ್ನ ಮುಖ ನೋಡಿ ನಗು ಬಿಟ್ಟಳು.
ಅಪ್ಪನ ಹಾಗೇ ನಡುವೆ ಬಿರಿಸಿ, ಕಣ್ಣು ಮುಚ್ಚಿ,
"ಧೂಳು, ಯಕ್ಕ."
ಅದು ಗೊತ್ತು. ಅದರ ಕೆಳಗೆ?
"ಗಂಜಿ. ಆಮೇಲೆ ತಗಡಿನ ಟ್ರಂಕು.
ತಡಿ, ತಡಿ. ಏನೋ ಸುಟ್ಟಂಗ.
ಕಟ್ಟಿಗೆ ಅಲ್ಲ. ಹೊಟ್ಟು.
ಯಾರೋ ಭಟ್ಟಿ ಕಡೆಯವರು ಓದಿರ್ಬೇಕು."

ಹೊರಗೆ ಗೇಟು ಬಿತ್ತು.
ಹುಬ್ಬಳ್ಳಿ ಕಡೆಯ ಗಾಡಿ ಕಪಾಟು ನಡುಗಿಸುತ್ತ ದಾಟುವವರೆಗೂ
ನಾನು ಬಾಯಿ ಬಿಡಲಿಲ್ಲ.
ಆಮೇಲೆ ಅವಳು ನಲವತ್ತು ಅಂದಳು.
ಚೌಕಾಸಿ ಮಾಡಿದೆ,
ಮಾಡದಿದ್ದರೆ ಅನುಮಾನ ಬಂದೀತು.
ಮೂವತ್ತಕ್ಕೆ ಕೊಟ್ಟಳು.